ಟಿಪ್ಪಣಿಯ ಕಾಲಮ್ಮು

ಮೊದಲು ಸೊಸೈಟಿಗೆ ಇದ್ದದ್ದು ಒಂದೇ ಬೀರು,
ಬೀರುವಿಗೆ ಒಂದೇ ಬೀಗದಕೈ,
ಅದು ರೈಟರ್ ಕುಟ್ಟಯ್ಯನವರ ಉಡಿದಾರದಲ್ಲಿ.
ಊಟವಾದ ಮೇಲೆ ಅವರು ಕುರ್ಚಿಯಲ್ಲೇ ತೂಕಡಿಸಿದರೆ
ಸಿದ್ದಾಪುರದ ನಾಲ್ಕುನೂರು ತೋಟಗಳ ಗುಟ್ಟೂ
ಜೊತೆಗೇ ತೂಕಡಿಸುತ್ತಿತ್ತು.

ಈಗ ಬೀರುವಿನೊಳಗೆ ಮುರಿದ ಛತ್ರಿ,
ತಕ್ಕಡಿಯ ಹಳೆಯ ಬಟ್ಟು, ಇಲಿ ತಿಂದ ರಸೀದಿ ಪುಸ್ತಕ.
ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ.
ಪಾಸ್‌ವರ್ಡು ಕ್ಯಾಲೆಂಡರಿನ ಹಿಂದೆ,
ಚಹಾ ತರುವ ಹುಡುಗನಿಗೂ ಬಾಯಿಪಾಠ.

ಹೋದ ವರ್ಷ ಮೆಣಸು ಕೊಯ್ಯುವ ಮೊದಲೇ
ಯಾರ ಬಳ್ಳಿಯಲ್ಲಿ ಎಷ್ಟಿದೆ,
ಯಾರ ಸಾಲದ ಕಂತು ಯಾವ ತಾರೀಕಿಗೆ,
ಎಲ್ಲ ಗೊತ್ತಿದ್ದ ವ್ಯಾಪಾರಿಯೊಬ್ಬ
ಗೇಟಿನಿಂದ ಗೇಟಿಗೆ ನಡೆದು
ಅವರವರ ಅವಸರಕ್ಕೆ ತಕ್ಕ ಬೆಲೆ ಹೇಳಿಹೋದ.
ಆನೆ ನುಗ್ಗಿದರೆ ಮುರಿದ ಬೇಲಿಯಾದರೂ ಸಾಕ್ಷಿಗಿರುತ್ತದೆ.
ಇದಕ್ಕೆ ಹೆಜ್ಜೆಯಿಲ್ಲ, ಲದ್ದಿಯಿಲ್ಲ.

ಮಹಾಸಭೆಯಲ್ಲಿ ಕುರ್ಚಿ ಎತ್ತುವುದೊಂದು ಬಾಕಿ.
ಕಡಲಾಚೆಯ ಖರೀದಿದಾರರು ಬೇರೆ
ಪ್ರತಿ ತೋಟದ ನಾಲ್ಕು ಮೂಲೆ
ಅಕ್ಷಾಂಶ ರೇಖಾಂಶ ಸಮೇತ ಬೇಕೆನ್ನುತ್ತಿದ್ದರು.
ಹಾಗಾಗಿ ಠರಾವು:
ಗುಮಾಸ್ತೆ ದಮಯಂತಿಯವರನ್ನು
ದತ್ತಾಂಶ ಪಾಲಕಿಯೆಂದು ನೇಮಿಸಲಾಗಿದೆ.
ಸಂಬಳ ಮೊದಲಿನಷ್ಟೇ.

ಏನು ಕೆಲಸ, ಎಂದರು ಮನೆಯಲ್ಲಿ.
ಯಾರು ಬರೆದರು, ಯಾರು ನೋಡಿದರು, ಯಾರು ತಿದ್ದಿದರು,
ಎಷ್ಟು ದಿನ ಇಟ್ಟುಕೊಳ್ಳುವುದು
ಎಂದು ಕೇಳುತ್ತ ಕೂರುವುದು, ಅಂದೆ.
ಅತ್ತೆಯ ಕೆಲಸ ಅನ್ನು, ಎಂದು ನಕ್ಕರು.

ಕೂತೆ. ಕೇಳಿದೆ.
ಚೋಮಿ, ಚೊಮ್ಮಿ, ಸೋಮಿ ಮೂವರೂ ಒಬ್ಬಳೇ.
ಮೂರು ಹೆಸರಿಗೂ ಬೋನಸ್ಸು ಬರೆದಿದೆ,
ಅವಳ ಕೈಗೆ ಒಂದೂ ಸೇರಿಲ್ಲ.
ತೀರಿಕೊಂಡ ಕುಂಞಪ್ಪು
ಆರು ವರ್ಷದಿಂದ ರಜೆಯಲ್ಲಿದ್ದಾನೆ.

ಮಂಗಳವಾರ ಬೀಜ ಆರಿಸುವ ಶೆಡ್ಡಿನಿಂದ
ಕರ್ಪಿ ಬಂದಳು. ಸೆರಗಿಗೆ ಕೈ ಒರೆಸಿ
ಹೊಸ್ತಿಲಲ್ಲೇ ನಿಂತು, "ನನ್ನ ಬಗ್ಗೆ
ಏನು ಬರೆದಿಟ್ಟಿದ್ದೀರಿ, ಓದಿ" ಅಂದಳು.
ಇಪ್ಪತ್ತೆರಡು ವರ್ಷದಲ್ಲಿ
ಈ ಆಫೀಸಿನಲ್ಲಿ ಯಾರೂ ಕೇಳದ ಮಾತು.

ಓದಿದೆ. ವಯಸ್ಸು ಒಂದು ಹಾಳೆಯಲ್ಲಿ ಮೂವತ್ತೆಂಟು,
ಇನ್ನೊಂದರಲ್ಲಿ ಐವತ್ತೊಂದು.
"ಎರಡೂ ನಾನಲ್ಲ."
ವಿಳಾಸ, ಲೈನ್ ಮನೆ ಏಳು.
"ಹೊಳೆ ಬಂದ ವರ್ಷ ಬಿತ್ತಲ್ಲ ಅದು."
ಕೊನೆಯ ಕಾಲಮ್ಮಿಗೆ ಬಂದಾಗ
ನನ್ನ ದನಿ ತಾನಾಗಿ ಸಣ್ಣಗಾಯಿತು.
ಟಿಪ್ಪಣಿ: ಬಾಯಿ ಜೋರು. ಕಾಯಂ ಮಾಡಬಾರದು.

ಯಾರು ಬರೆದದ್ದು?
ಗೊತ್ತಿಲ್ಲ.
ಯಾವಾಗ?
ಗೊತ್ತಿಲ್ಲ.
ಯಾರೆಲ್ಲ ಓದಿದ್ದಾರೆ?
ನಾನು ಕ್ಯಾಲೆಂಡರಿನ ಕಡೆ ನೋಡಿದೆ.

ಅವಳು ಕೂಗಾಡಲಿಲ್ಲ.
"ನಾನು ಆರಿಸಿದ ಮೂಟೆಗೆ ನನ್ನ ನಂಬರು ಕಟ್ಟುತ್ತೀರಿ.
ಒಂದು ಕರಿಬೀಜ ಸಿಕ್ಕಿದರೂ
ಶೆಡ್ಡಿಗೆಲ್ಲ ಕೇಳುವ ಹಾಗೆ ಕರೆಯುತ್ತೀರಿ.
ಈ ಮಾತಿನ ಮೂಟೆಗೆ ಯಾರ ನಂಬರು?"

ಅಧ್ಯಕ್ಷರಿಗೆ ಫೋನು ಮಾಡಿದೆ.
ಡೇಟಾ ಸೊಸೈಟಿಯ ಆಸ್ತಿ, ಅಳಿಸಬೇಡಮ್ಮ, ಅಂದರು.
ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು,
ಕಣದಲ್ಲಿ ಕಾಫಿ ಎಳೆಯುವ ಸದ್ದಿತ್ತು.

ನಾನು ಬರೆದ ಹದಿನಾಲ್ಕು ನಿಯಮಗಳಲ್ಲಿ
ಇಡುವುದಕ್ಕೆ, ಬೀಗಕ್ಕೆ, ತೋರಿಸುವುದಕ್ಕೆ, ತೋರಿಸದಿರುವುದಕ್ಕೆ ಇತ್ತು.
ಅಳಿಸುವುದಕ್ಕೆ ಇರಲಿಲ್ಲ.
ಹದಿನೈದನೆಯದನ್ನು ಪೆನ್ಸಿಲಿನಲ್ಲಿ ಬರೆದೆ:
ಬರೆದವರ ಹೆಸರಿಲ್ಲದ ಮಾತು
ಯಾರ ಹೆಸರಿನ ಎದುರೂ ನಿಲ್ಲತಕ್ಕದ್ದಲ್ಲ.
ಕಮಿಟಿ ಒಪ್ಪುತ್ತದೋ ಇಲ್ಲವೋ,
ರಬ್ಬರು ಅವರ ಮೇಜಿನ ಮೇಲೂ ಇದೆ.

ಹೋಗುತ್ತ ಕರ್ಪಿ ತಿರುಗಿದಳು.
"ನಾನು ಬಂದು ಕೇಳಿದೆ ಅಂತಲೂ ಬರಕೊಳ್ಳಿ.
ತಾರೀಕು ಹಾಕಿ."

ಬರೆದೆ. ತಾರೀಕು ಹಾಕಿದೆ.
ಕೆಳಗೆ, ಬರೆದವರು ಎಂಬಲ್ಲಿ
ನನ್ನದೇ ಹೆಸರು ಹಾಕುವಾಗ
ಕೈ ಯಾಕೋ ಒಂದು ಗಳಿಗೆ ನಿಂತಿತು.